ಮನಸ್ಸು ಹಗುರ ಇದ್ರೇನೇ ತಲೆ ಓಡೋದು: ನರಸಾಪುರದ ಲೈನು, ಅಪ್ಪನ ಟೊಮೇಟೊ, ಒಂದಷ್ಟು ಸಂಶೋಧನೆ

ಟೆಸ್ಟಿಂಗ್ ಬೋರ್ಡಲ್ಲಿ ಕೆಂಪು ಲೈಟು ಹತ್ಕೊಳ್ಳೋದು, ಬಝರ್ ಕುಯ್ ಅನ್ನೋದು, ಪೀಸು ರಿಜೆಕ್ಟ್ ಟ್ರೇಗೆ ಹೋಗೋದು. ಹತ್ತು ಹನ್ನೆರಡು ದಿನ ನಮ್ಮ ಲೈನಲ್ಲಿ ಇದೇ ಕಥೆ ನಡೀತು. ನಾನು ಆಗ ಕೋಲಾರದ ನರಸಾಪುರ ಕಡೆ ಒಂದು ಫ್ಯಾಕ್ಟರಿಲಿ ಲೈನ್ ಲೀಡರ್, ಕಾರಿಗೆ ಹಾಕೋ ವೈರಿಂಗ್ ಹಾರ್ನೆಸ್ ಮಾಡೋ ಜಾಗ, ಅಂದ್ರೆ ಉದ್ದುದ್ದ ವೈರಿನ ತುದಿಗೆ ಟರ್ಮಿನಲ್ ಹೊಡೆದು ಅದನ್ನ ಕನೆಕ್ಟರ್ ತೂತಿಗೆ ಸಿಗಿಸಿ, ಟಕ್ ಅಂತ ಕೂತಿದ್ಯಾ ಅಂತ ಕಿವಿ ಕೊಟ್ಟು ಕೇಳಿ, ಒಂದ್ಸಲ ಎಳೆದು ನೋಡಿ, ಟೇಪ್ ಸುತ್ತಿ ಟೆಸ್ಟಿಂಗಿಗೆ ಕಳಿಸೋದು. ನೋಡೋಕೆ ಕೈಕೆಲಸ, ಆದ್ರೆ ಒಂದು ವೈರು ಪಕ್ಕದ ತೂತಿಗೆ ಹೋದ್ರೂ ಇಡೀ ಪೀಸು ವೇಸ್ಟು.

ಸೂಪರ್‌ವೈಸರ್ ಬೆಳಿಗ್ಗೆ ಒಂದು ರೌಂಡ್, ಊಟಕ್ಕೆ ಮುಂಚೆ ಒಂದು ರೌಂಡ್ ಬಂದು ಬೈಯೋರು. ಕಣ್ಣಿಲ್ವಾ ನಿಮಗೆ, ಮನೇಲಿ ಇಟ್ ಬಂದಿದೀರಾ, ನಾಳೆಯಿಂದ ಬರ್ಬೇಡಿ ಅಂತ ಎಲ್ಲರ ಮುಂದೆ ಅನ್ನೋರು. ಬೈದಷ್ಟೂ ಹುಡುಗೀರು ಇನ್ನೂ ತಲೆ ಬಗ್ಗಿಸ್ಕೊಂಡು ಇನ್ನೂ ಸ್ಪೀಡಾಗಿ ಮಾಡೋರು, ರಿಜೆಕ್ಷನ್ ಇನ್ನೂ ಜಾಸ್ತಿ ಆಗೋದು. ನಾನೂ ಅಷ್ಟೇ, ರಾತ್ರಿ ಮನೆಗೆ ಹೋದ್ರೂ ಕಣ್ಣ ಮುಂದೆ ಅದೇ ಕೆಂಪು ಲೈಟು, ಏನು ತಪ್ಪಾಗ್ತಿದೆ ಅಂತ ಎಷ್ಟು ಯೋಚ್ನೆ ಮಾಡಿದ್ರೂ ಯೋಚ್ನೆ ಸುತ್ಕೊಂಡು ಸುತ್ಕೊಂಡು ಅಲ್ಲೇ ಬಂದು ನಿಲ್ಲೋದು.

ಯುಗಾದಿ, ಹೊಸತೊಡಕು ಎರಡೂ ಮುಗಿದು ಎಲ್ಲರೂ ವಾಪಸ್ ಬಂದ ದಿನ ಸೂಪರ್‌ವೈಸರ್ ಇನ್ನೂ ಊರಿಂದ ಬಂದಿರಲಿಲ್ಲ. ಟೀ ಟೈಮಲ್ಲಿ ಯಾರೋ ಒಬ್ಬಟ್ಟಿನ ಡಬ್ಬಿ ತೆಗೆದ್ರು, ಇನ್ಯಾರೋ ಹಬ್ಬದ ಜಗಳದ ಕಥೆ ಹೇಳಿದ್ರು, ಹದಿನೈದು ದಿನ ಆದ್ಮೇಲೆ ಮೊದಲ ಸಲ ಆ ಮೂಲೆಯಲ್ಲಿ ನಗು ಕೇಳಿಸ್ತು. ವಾಪಸ್ ಬಂದು ಕೂತು ಅರ್ಧ ಗಂಟೆನೂ ಆಗಿಲ್ಲ, ಮುಳಬಾಗಿಲು ಕಡೆಯಿಂದ ಬರೋ ಒಂದು ಹುಡುಗಿ, ಹತ್ತೊಂಬತ್ತು ವರ್ಷ ಇರಬಹುದು, ಕೈ ನಿಲ್ಲಿಸಿ ಹೇಳಿದ್ಲು: "ಅಕ್ಕಾ, ಈ ನೀಲಿ ಬಿನ್ನ ತಗೊಂಡೋಗಿ ಆ ಕಡೆ ಇಟ್ರೆ? ಈ ಟ್ಯೂಬ್‌ಲೈಟ್ ಕೆಳಗೆ ನೀಲಿನೂ ನೇರಳೆನೂ ಒಂದೇ ಥರ ಕಾಣ್ತವಲ್ಲ."

ಅಷ್ಟೇ. ವೈರು ಹಾಕಿಡೋ ಎರಡು ಬಿನ್ನು ಪಕ್ಕಪಕ್ಕ ಇದ್ವು, ಹಬ್ಬಕ್ಕೆ ಮುಂಚೆ ಲೇಔಟ್ ಚೇಂಜ್ ಮಾಡ್ದಾಗ ಹಂಗೆ ಬಂದು ಕೂತಿದ್ವು. ಬೇರೆ ಮಾಡಿದ್ವಿ, ಮಧ್ಯಾಹ್ನದಿಂದ ಬಝರ್ ಸದ್ದು ಕಮ್ಮಿ ಆಯ್ತು. ಅದನ್ನ ಹತ್ತು ದಿನದಿಂದ ಹದಿನಾರು ಜೊತೆ ಕಣ್ಣು ನೋಡ್ತಾನೇ ಇತ್ತು.

ಒಬ್ಬಟ್ಟು ತಿಂದಿದ್ದಕ್ಕೆ ಐಡಿಯಾ ಬಂತು ಅಂತ ನಾನು ಹೇಳಲ್ಲ, ಒಂದು ದಿನದ ಘಟನೆ ಇಟ್ಕೊಂಡು ಹಂಗೆಲ್ಲ ಹೇಳೋಕಾಗಲ್ಲ. ಆದ್ರೆ ಆ ದಿನ ನನ್ನ ತಲೆಯಲ್ಲಿ ಉಳ್ಕೊಂಡು, ಯಾಕೆ ಹಿಂಗೆ ಅಂತ ಓದೋಕೆ ಶುರು ಮಾಡಿದೆ, ಓದ್ತಾ ಓದ್ತಾ ಗೊತ್ತಾಯ್ತು ಇದೇ ಪ್ರಶ್ನೆ ಇಟ್ಕೊಂಡು ನಲವತ್ತು ವರ್ಷದಿಂದ ಜನ ಕೆಲಸ ಮಾಡ್ತಿದಾರೆ ಅಂತ.

ಕಾರ್ಲ್ ಡಂಕರ್ ಅನ್ನೋ ಜರ್ಮನ್ ಮನಃಶಾಸ್ತ್ರಜ್ಞರ ಒಂದು ಒಗಟು ಇದೆ, 1945ರಲ್ಲಿ ಇಂಗ್ಲಿಷಲ್ಲಿ ಅಚ್ಚಾಯ್ತು. ನಿಮ್ಮ ಮುಂದೆ ಒಂದು ಮೇಣದಬತ್ತಿ, ಒಂದು ಬೆಂಕಿಪೊಟ್ಣ, ಒಂದು ಡಬ್ಬಿ ತುಂಬ ಪಿನ್ನು ಇಡ್ತಾರೆ. ಮೇಣ ಕೆಳಗೆ ತೊಟ್ಟಿಕ್ಕದ ಹಾಗೆ ಬತ್ತಿನ ಗೋಡೆಗೆ ನಿಲ್ಲಿಸಬೇಕು. ಜನ ಬತ್ತಿಗೇ ಪಿನ್ನು ಚುಚ್ಚೋಕೆ ನೋಡ್ತಾರೆ, ಮೇಣ ಕರಗಿಸಿ ಅಂಟಿಸೋಕೆ ನೋಡ್ತಾರೆ, ಯಾವುದೂ ಆಗಲ್ಲ. ಉತ್ತರ ಏನಂದ್ರೆ ಡಬ್ಬಿಯಿಂದ ಪಿನ್ನೆಲ್ಲ ಸುರಿದು, ಖಾಲಿ ಡಬ್ಬಿನ ಗೋಡೆಗೆ ಪಿನ್ ಹೊಡೆದು, ಅದರ ಮೇಲೆ ಬತ್ತಿ ಇಡೋದು. ಡಬ್ಬಿ ಕಣ್ಣ ಮುಂದೆನೇ ಇರುತ್ತೆ, ಆದ್ರೆ ಅದು ಪಿನ್ನು ಹಾಕಿಡೋ ಡಬ್ಬಿ ಅಂತ ತಲೆಯಲ್ಲಿ ಕೂತುಬಿಟ್ಟಿರುತ್ತೆ, ಅದನ್ನ ಸ್ಟ್ಯಾಂಡ್ ಥರ ನೋಡೋಕೆ ಮನಸ್ಸು ಒಪ್ಪಲ್ಲ.

ಅಮೆರಿಕದ ಮನಃಶಾಸ್ತ್ರಜ್ಞೆ ಆಲಿಸ್ ಐಸೆನ್ 1987ರಲ್ಲಿ ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಇದೇ ಒಗಟು ಕೊಟ್ರು, ಆದ್ರೆ ಅದಕ್ಕೆ ಮುಂಚೆ ಕೆಲವರಿಗೆ ಐದಾರು ನಿಮಿಷ ಕಾಮಿಡಿ ತುಣುಕು ತೋರಿಸಿದ್ರು, ಇನ್ನು ಕೆಲವರಿಗೆ ಗಣಿತದ ಒಂದು ಫಿಲ್ಮ್ ತೋರಿಸಿದ್ರು. ನಕ್ಕು ಬಂದೋರಲ್ಲಿ ನಾಲ್ಕಕ್ಕೆ ಮೂರು ಜನ ಬಿಡಿಸಿದ್ರು, ಗಣಿತ ನೋಡಿ ಬಂದೋರಲ್ಲಿ ಐದಕ್ಕೆ ಒಬ್ಬರು. ಒಂದೊಂದು ಗುಂಪಲ್ಲಿ ಇದ್ದದ್ದು ಕಮ್ಮಿ ಜನ, ಅದನ್ನ ಮರೀಬಾರ್ದು, ಆದ್ರೂ ಅಂತರ ಸಣ್ಣದಲ್ಲ. ಇದನ್ನ ಓದಿದಾಗ ನನಗೆ ಆ ನೀಲಿ ಬಿನ್ನೇ ನೆನಪಾಯ್ತು, ನಮ್ಮ ಡಬ್ಬಿ ಅದೇ.

ಐಸೆನ್ ಅಲ್ಲಿಗೇ ನಿಲ್ಲಿಸಲಿಲ್ಲ. 1997ರಲ್ಲಿ ಅವರ ತಂಡ 44 ಡಾಕ್ಟರುಗಳಿಗೆ ಒಬ್ಬ ರೋಗಿಯ ವಿವರ ಕೊಟ್ಟು, ಯೋಚ್ನೆ ಮಾಡೋದನ್ನ ಬಾಯ್ಬಿಟ್ಟು ಹೇಳ್ತಾ ಹೋಗಿ ಅಂತ ಕೇಳ್ಕೊಳ್ತು. ಕೆಲವು ಡಾಕ್ಟರುಗಳಿಗೆ ಮಾತ್ರ ಮೊದಲೇ ಒಂದು ಪುಟ್ಟ ಪೊಟ್ಟಣದಲ್ಲಿ ಮಿಠಾಯಿ ಕೊಟ್ಟಿದ್ರು. ಮಿಠಾಯಿ ಸಿಕ್ಕಿದೋರು ಇದು ಲಿವರ್ ಕಾಯಿಲೆ ಇರಬಹುದು ಅನ್ನೋ ಕಡೆಗೆ ಬೇಗ ಬಂದ್ರು, ಜೊತೆಗೆ ಮೊದಲು ಹೊಳೆದಿದ್ದನ್ನೇ ಹಿಡ್ಕೊಂಡು ಕೂರಲಿಲ್ಲ, ಹೊಸ ಮಾಹಿತಿ ಬಂದಾಗ ಅಭಿಪ್ರಾಯ ಬದಲಾಯಿಸ್ಕೊಳ್ಳೋಕೆ ತಯಾರಿದ್ರು. ಎಷ್ಟು ಸಣ್ಣ ವಿಷ್ಯ ನೋಡಿ, ಒಂದು ಪೊಟ್ಟಣ ಮಿಠಾಯಿ, ಅದೂ ಅಷ್ಟು ಓದಿದ ಜನಕ್ಕೆ.

ಯಾಕೆ ಹಿಂಗಾಗುತ್ತೆ ಅನ್ನೋದಕ್ಕೆ ಮನಃಶಾಸ್ತ್ರಜ್ಞೆ ಬಾರ್ಬರಾ ಫ್ರೆಡ್ರಿಕ್ಸನ್ 1998ರಲ್ಲಿ ಒಂದು ವಿವರಣೆ ಮುಂದಿಟ್ರು, ನನಗೆ ಅದು ತುಂಬ ಹಿಡಿಸ್ತು. ಭಯ ಆದಾಗ ಮನಸ್ಸು ಕಿರಿದಾಗುತ್ತೆ, ಆಗಲೇಬೇಕು. ತೋಟದಲ್ಲಿ ನೀರು ಕಟ್ತಿರುವಾಗ ಕಾಲ ಹತ್ರ ಹಾವು ಕಂಡ್ರೆ ಹಾವು ಬಿಟ್ಟು ಬೇರೆ ಏನೂ ಕಾಣಬಾರ್ದು, ಕಂಡ್ರೆ ಕೆಲಸ ಕೆಟ್ಟಂಗೆ. ಸಿಟ್ಟು ಬಂದ್ರೂ ಅಷ್ಟೇ, ಎದುರಿಗಿರೋನು ಮಾತ್ರ ಕಾಣ್ತಾನೆ. ಮನಸ್ಸು ಹಗುರ ಇದ್ದಾಗ ಮಾತ್ರ ಇಲ್ಲಿ ಅಪಾಯ ಏನಿಲ್ಲ, ಅಕ್ಕಪಕ್ಕ ನೋಡಬಹುದು ಅಂತ ಒಳಗಿಂದ ಒಂದು ಪರ್ಮಿಷನ್ ಸಿಕ್ಕಂಗೆ, ಆಗ ಬೇರೆ ಬೇರೆ ವಿಷಯ ಜೋಡಿಸೋಕೆ, ಹಿಂಗೆ ಮಾಡಿದ್ರೆ ಹೆಂಗೆ ಅಂತ ಕೇಳ್ಕೊಳ್ಳೋಕೆ ಜಾಗ ಹುಟ್ಟುತ್ತೆ. ಈ ಥರ ಹಗುರ ಇರೋ ಗಳಿಗೆಲಿ ಕಲಿತಿದ್ದು, ಸಿಕ್ಕಿದ ಸ್ನೇಹ, ಬೆಳೆದ ಧೈರ್ಯ ಆಮೇಲೂ ಕೈಲಿ ಉಳಿಯುತ್ತೆ ಅಂತಾನೂ ಅವರು ಹೇಳ್ತಾರೆ. ಆ ಮುಳಬಾಗಿಲು ಹುಡುಗಿ ವಿಷಯದಲ್ಲಿ ಅದು ನಿಜ ಆಯ್ತು, ಆ ದಿನದಿಂದ ಅವಳು ಕೈ ನಿಲ್ಲಿಸಿ ಮಾತಾಡೋದು ಕಲಿತಳು.

ಇನ್ನೊಂದು ಕಾರಣ ಇನ್ನೂ ಸರಳ. ಚಿಂತೆಗೂ ತಲೆಯಲ್ಲಿ ಜಾಗ ಬೇಕು. ಬೊಲೆರೊ ಪಿಕಪ್ಪಲ್ಲಿ ಮೇಲ್ಗಂಟ ಕ್ರೇಟು ಜೋಡಿಸಿಬಿಟ್ಟಿದ್ರೆ ಇನ್ನೊಂದು ಕ್ರೇಟ್ ಎಲ್ಲಿ ಇಡ್ತೀರ? ಬೈಸ್ಕೊಂಡ ಮಾತು, ನಾಳೆ ಕೆಲಸ ಇರುತ್ತೋ ಇಲ್ವೋ, ಸಂಘದ ಕಂತು, ಮಗು ಜ್ವರ, ಇಷ್ಟೂ ಹೊತ್ಕೊಂಡು ಕೂತಿರೋ ತಲೆಗೆ ನೀಲಿ ಯಾವುದು ನೇರಳೆ ಯಾವುದು ಅನ್ನೋದೇ ಹೆಚ್ಚು.

ಇಲ್ಲಿ ನಮ್ಮಪ್ಪನ ವಿಷ್ಯ ಹೇಳಲೇಬೇಕು. ವೇಮಗಲ್ ಹತ್ರ ನಮ್ಮದು ಒಂದೂವರೆ ಎಕರೆ, ಟೊಮೇಟೊ. ಕೋಲಾರ ಎಪಿಎಂಸಿ ಮಂಡಿ ಗೊತ್ತಿರೋರಿಗೆ ಗೊತ್ತು, ಏಷ್ಯಾದಲ್ಲೇ ದೊಡ್ಡ ಟೊಮೇಟೊ ಮಾರ್ಕೆಟ್‌ಗಳಲ್ಲಿ ಒಂದು ಅಂತಾರೆ, 15 ಕೆಜಿ ಬಾಕ್ಸ್ ಲೆಕ್ಕದಲ್ಲಿ ಹರಾಜು ನಡಿಯುತ್ತೆ. 2023ರ ಜುಲೈಲಿ ಒಂದು ಬಾಕ್ಸ್ 2,000 ರೂಪಾಯಿ ದಾಟಿ ಹೋಗಿತ್ತು, ಪೇಪರಲ್ಲೆಲ್ಲ ಬಂತು. ಬೇರೆ ವರ್ಷಗಳಲ್ಲಿ ಕಿತ್ತ ಕೂಲಿ, ಗಾಡಿ ಬಾಡಿಗೆ ಕೂಡ ಹುಟ್ಟದೆ ರೋಡ್ ಪಕ್ಕ ಸುರಿದು ಹೋಗಿರೋದನ್ನೂ ನಾವೇ ನೋಡಿದೀವಿ. ಕಾಯಿ ಬಣ್ಣ ತಿರುಗೋ ಮುಂಚಿನ ಆ ಇಪ್ಪತ್ತು ದಿನ ಅಪ್ಪ ಬೇರೆ ಮನುಷ್ಯನೇ ಆಗಿಬಿಡ್ತಾರೆ. ಒಂದು ವರ್ಷ ನಿನ್ನೆ ಹೊಡೆದ ಔಷಧಿನೇ ಇವತ್ತೂ ಕಲೆಸ್ಕೊಂಡು ಹೊರಟಿದ್ರು, ಅಮ್ಮ ನೋಡಿ ತಡೆದ್ರು. ಇನ್ನೊಂದ್ಸಲ ಡ್ರಿಪ್ ವಾಲ್ವ್ ಬಿಟ್ಟು ಮರೆತು ಮಂಡಿ ಸಾಲ ನೆನೆಸ್ಕೊಂಡು ಬದುವಿನ ಮೇಲೆ ಕೂತಿದ್ರು, ನೀರು ಪಕ್ಕದ ಹೊಲಕ್ಕೆ ಹರೀತಾ ಇತ್ತು. ಅದೇ ಅಪ್ಪ ಮಾಲು ಮಾರಿ ಪಟ್ಟಿ ಕೈಗೆ ಬಂದ ದಿನ ಕಮಿಷನ್ನು, ಹಮಾಲಿ, ಬಾಡಿಗೆ ಎಲ್ಲ ಮನಸ್ಸಲ್ಲೇ ಕಳೆದು ಮಂಡಿ ರೈಟರ್ ತಪ್ಪು ಕೂಡಿದ್ದನ್ನ ಹಿಡೀತಾರೆ. ಓದಿರೋದು ನಾಲ್ಕನೇ ಕ್ಲಾಸು.

ಇದು ನಮ್ಮಪ್ಪ ಒಬ್ಬರ ಕಥೆ ಅಲ್ಲ ಅಂತ ಗೊತ್ತಾಗಿದ್ದು 2013ರಲ್ಲಿ 'ಸೈನ್ಸ್' ಪತ್ರಿಕೆಲಿ ಬಂದ ಒಂದು ಅಧ್ಯಯನದಿಂದ. ಆನಂದಿ ಮಣಿ, ಸೆಂಧಿಲ್ ಮುಲ್ಲೈನಾಥನ್, ಎಲ್ಡಾರ್ ಶಫೀರ್, ಜಿಯಾಯಿಂಗ್ ಝಾವೊ ಅನ್ನೋ ನಾಲ್ಕು ಜನ ನಮ್ಮ ಪಕ್ಕದ ತಮಿಳುನಾಡಲ್ಲಿ 54 ಹಳ್ಳಿಯ 464 ಕಬ್ಬು ಬೆಳೆಗಾರರಿಗೆ ಕಟಾವಿಗೆ ಮುಂಚೆ ಒಂದ್ಸಲ, ದುಡ್ಡು ಬಂದ್ಮೇಲೆ ಒಂದ್ಸಲ ಬುದ್ಧಿಪರೀಕ್ಷೆ ಥರದ್ದು ಕೊಟ್ರು. ಅದೇ ರೈತ, ಅದೇ ತಲೆ, ಆದ್ರೆ ಕೈಲಿ ಕಾಸಿಲ್ಲದಾಗ ಉತ್ತರ ತಪ್ಪಿದ್ದು ಜಾಸ್ತಿ, ಟೈಮೂ ಜಾಸ್ತಿ ಹಿಡೀತು. ಬಡತನದ ಚಿಂತೆ ಹೇರೋ ಭಾರ ಒಂದು ರಾತ್ರಿ ಪೂರ್ತಿ ನಿದ್ದೆಗೆಟ್ಟಷ್ಟು ಅಂತ ಅವರು ಹೋಲಿಸಿದ್ರು. ಈ ಸಂಶೋಧನೆ ನಿಜವಾಗಿ ಖುಷಿ ಬಗ್ಗೆ ಅಲ್ಲ, ಚಿಂತೆ ಬಗ್ಗೆ. ಆದ್ರೆ ನನಗೆ ಅನಿಸೋದು ನಮ್ಮ ಕಡೆ ಒಳ್ಳೆ ಮೂಡ್ ಅಂದ್ರೆ ಮುಕ್ಕಾಲು ಪಾಲು ಚಿಂತೆ ಇಳಿಯೋದೇ, ಅದರ ಮೇಲಿನ ಕಾಲು ಭಾಗ ಬೇಕಾದ್ರೆ ಒಬ್ಬಟ್ಟು, ನಗು, ಹರಟೆ.

ಒಡಿಶಾದಲ್ಲಿ ಇನ್ನೂ ಮುಂದಕ್ಕೆ ಹೋಗಿ ನೋಡಿದ್ರು, ಈ ಮುಲ್ಲೈನಾಥನ್ ಅವರೇ ಇನ್ನೂ ಮೂವರ ಜೊತೆ ಸೇರಿ. ಅಲ್ಲಿ ಎಲೆ ಊಟದ ತಟ್ಟೆ ಹೊಲಿಯೋ ಕೂಲಿಯವರು, ನಮ್ಮ ಕಡೆ ಮುತ್ತುಗದ ಎಲೆ ಹಚ್ಚೋ ಹಾಗೆ, ತಟ್ಟೆಗಿಷ್ಟು ಅಂತ ಲೆಕ್ಕ. ಕೆಲವರಿಗೆ ಬರಬೇಕಾದ ಕೂಲಿಲಿ ಒಂದು ಭಾಗ ನಡುವೆನೇ ಕೊಟ್ರು, ಉಳಿದೋರಿಗೆ ಕೊನೆಗೆ. ಯಾರಿಗೂ ಒಂದು ರೂಪಾಯಿ ಜಾಸ್ತಿ ಕೊಟ್ಟಿಲ್ಲ, ಕೊಟ್ಟ ದಿನ ಮಾತ್ರ ಬೇರೆ. ದುಡ್ಡು ಬಂದೋರು ಮೊದಲು ಸಾಲ ತೀರಿಸಿದ್ರು, ಮಾರನೇ ದಿನದಿಂದ ತಟ್ಟೆ ಜಾಸ್ತಿ ಹೊಲಿದ್ರು, ತಪ್ಪೂ ಕಮ್ಮಿ ಆಯ್ತು, ಅದೂ ಹೆಚ್ಚು ಬಡವರಾಗಿದ್ದೋರಲ್ಲೇ ಹೆಚ್ಚು. ಪ್ರೊಡಕ್ಟಿವಿಟಿ ಪ್ರೊಡಕ್ಟಿವಿಟಿ ಅಂತ ಮೀಟಿಂಗಲ್ಲಿ ಮಾತಾಡೋ ಪ್ರತಿಯೊಬ್ಬರೂ ಇದನ್ನ ಒಂದ್ಸಲ ಓದಬೇಕು ಅನ್ಸುತ್ತೆ ನನಗೆ.

ಇದೆಲ್ಲ ಹಳ್ಳಿ, ಕೂಲಿ ವಿಷಯ ಆಯ್ತು, ಆಫೀಸಲ್ಲಿ ಹೆಂಗೆ ಅಂತ ಕೇಳೋರು ಇರ್ತಾರೆ. ಅದಕ್ಕೂ ಲೆಕ್ಕ ಇದೆ. ಇಂಗ್ಲೆಂಡಿನ ವಾರಿಕ್ ಯೂನಿವರ್ಸಿಟಿಯ ಆಂಡ್ರ್ಯೂ ಓಸ್ವಾಲ್ಡ್, ಯೂಜೀನಿಯೊ ಪ್ರೋಟೊ, ಡೇನಿಯಲ್ ಸ್ಗ್ರೋಯ್ 2015ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಜನಕ್ಕೆ ಎರಡಂಕಿ ಸಂಖ್ಯೆ ಐದೈದು ಕೂಡೋಕೆ ಕೊಟ್ರು, ಹತ್ತು ನಿಮಿಷ, ಸರಿ ಉತ್ತರಕ್ಕಿಷ್ಟು ಅಂತ ದುಡ್ಡು. ಮೊದಲೇ ಕಾಮಿಡಿ ತೋರಿಸಿದೋರು, ಇಲ್ಲಾ ಚಾಕೊಲೇಟು, ಹಣ್ಣು ಕೊಟ್ಟು ಖುಷಿಪಡಿಸಿದೋರು ಸುಮಾರು 12 ಪರ್ಸೆಂಟ್ ಜಾಸ್ತಿ ಮಾಡಿದ್ರು, ಕೆಲಸದ ಗುಣಮಟ್ಟ ಬೀಳಲಿಲ್ಲ. ಅದರಲ್ಲೇ ಇನ್ನೊಂದು ಮಾತಿದೆ, ಇತ್ತೀಚಿಗೆ ಮನೇಲಿ ಸಾವು, ದೊಡ್ಡ ಕಾಯಿಲೆ ನೋಡಿದ್ದೋರು ಸುಮಾರು 10 ಪರ್ಸೆಂಟ್ ಕಮ್ಮಿ ಮಾಡಿದ್ರು ಅಂತ. ಲೈನಲ್ಲಿ ಇವತ್ತು ಯಾಕೆ ಇವಳ ಕೈ ಓಡ್ತಿಲ್ಲ ಅಂತ ಸಿಟ್ಟು ಬಂದಾಗ ನಾನು ಈಗ ಇದನ್ನ ನೆನೆಸ್ಕೊಳ್ತೀನಿ, ಮೊದಲು ಮನೇಲಿ ಎಲ್ಲ ಸರಿ ಇದ್ಯಾ ಅಂತ ಕೇಳ್ತೀನಿ.

ಅದೂ ಪ್ರಯೋಗಾಲಯ ಅಂತೀರಾ? ಬ್ರಿಟನ್ನಿನ ಬಿಟಿ ಟೆಲಿಕಾಂ ಕಂಪನಿಯ ಕಾಲ್ ಸೆಂಟರುಗಳಲ್ಲಿ ಆರು ತಿಂಗಳು ಪ್ರತಿ ವಾರ ಈ ವಾರ ಹೆಂಗಿದ್ರಿ ಅಂತ ಮುಖದ ಚಿತ್ರ ಒತ್ತಿ ಹೇಳಿಸಿ, ಅದನ್ನ ಸೇಲ್ಸ್ ಲೆಕ್ಕಕ್ಕೆ ಹೋಲಿಸಿದ್ರು. ಕ್ಲೆಮೆಂಟ್ ಬೆಲ್ಲೆ, ಜಾನ್-ಇಮ್ಯಾನುಯೆಲ್ ದ ನೆವ್, ಜಾರ್ಜ್ ವಾರ್ಡ್ ಅನ್ನೋರ ಕೆಲಸ, 2019ರಲ್ಲಿ ಹೊರಬಂತು. ಖುಷಿಯಿದ್ದ ವಾರ ಸೇಲ್ಸ್ ಸುಮಾರು 13 ಪರ್ಸೆಂಟ್ ಮೇಲೆ, ಕೆಲಸದ ಗಂಟೆ ಹೆಚ್ಚಾಗಿರಲಿಲ್ಲ, ಅದೇ ಗಂಟೆಯಲ್ಲಿ ಕಾಲ್ ಜಾಸ್ತಿ, ಕಾಲಲ್ಲಿ ವ್ಯಾಪಾರ ಆಗೋದು ಜಾಸ್ತಿ. ಸೇಲ್ಸ್ ಆಗಿದ್ದಕ್ಕೇ ಖುಷಿ ಇರಬಹುದಲ್ವಾ ಅನ್ನೋ ಅನುಮಾನ ಯಾರಿಗಾದ್ರೂ ಬರುತ್ತೆ, ನನಗೂ ಬಂತು. ಅದಕ್ಕೆ ಅವರು ಹವಾಮಾನ ಹಿಡ್ಕೊಂಡ್ರು. ಮೋಡ ಮುಚ್ಚಿದ ವಾರ ಆಫೀಸ್ ಕಿಟಕಿಯಿಂದ ಆಚೆ ನೋಡಿದ್ರೆ ಮನಸ್ಸು ಮಂಕಾಗುತ್ತೆ, ಆದ್ರೆ ಆ ಮೋಡ ದೇಶದ ಬೇರೆ ಮೂಲೆಯಲ್ಲಿ ಕೂತ ಗಿರಾಕಿಗೆ ಸಂಬಂಧ ಇಲ್ಲ. ಹಂಗೆ ಮಂಕಾದ ವಾರ ಸೇಲ್ಸ್ ಇಳೀತು. ಕಾರಣ ಯಾವ ಕಡೆಯಿಂದ ಯಾವ ಕಡೆಗೆ ಅನ್ನೋದು ಇಲ್ಲಿ ಸ್ವಲ್ಪ ಗಟ್ಟಿಯಾಗಿ ಕಾಣುತ್ತೆ.

ಇಷ್ಟೆಲ್ಲ ಓದಿ ಖುಷಿ ಇದ್ರೆ ಎಲ್ಲ ಕೆಲಸವೂ ಚೆನ್ನಾಗುತ್ತೆ ಅಂತ ತಿಳ್ಕೊಂಡ್ರೆ ಅದು ತಪ್ಪು, ಇದನ್ನ ನಾನು ಒತ್ತಿ ಹೇಳ್ಬೇಕು. ಗ್ಯಾಲೆನ್ ಬೋಡೆನ್‌ಹೌಸನ್ ಅನ್ನೋರು 1994ರಲ್ಲಿ ತೋರಿಸಿದ್ರು, ಖುಷಿಯಲ್ಲಿರೋ ವಿದ್ಯಾರ್ಥಿಗಳಿಗೆ ಒಬ್ಬ ಆರೋಪಿ ತಪ್ಪು ಮಾಡಿದಾನಾ ಇಲ್ವಾ ತೀರ್ಮಾನ ಮಾಡಿ ಅಂದ್ರೆ ಅವನ ಗುಂಪು ಯಾವುದು, ಜನಾಂಗ ಯಾವುದು ಅನ್ನೋದರ ಮೇಲೆ ಬೇಗ ಹೇಳಿಬಿಡ್ತಾರೆ, ಸಾಮಾನ್ಯ ಮೂಡಲ್ಲಿರೋರಿಗಿಂತ ಜಾಸ್ತಿ. ಮನಸ್ಸು ಹಗುರ ಇದ್ದಾಗ ಎಲ್ಲ ಸರಿ ಇದೆ ಅನ್ಸುತ್ತೆ, ಕೆದಕಿ ನೋಡೋ ಕಷ್ಟ ಯಾಕೆ ಅನ್ಸುತ್ತೆ. ಆದ್ರೆ ನಿಮ್ಮ ತೀರ್ಮಾನಕ್ಕೆ ನೀವೇ ಉತ್ತರ ಕೊಡ್ಬೇಕು ಅಂತ ಮೊದಲೇ ಹೇಳಿದ್ರೆ ಆ ತಪ್ಪು ಹೋಗುತ್ತೆ. ಆಸ್ಟ್ರೇಲಿಯಾದ ಜೋಸೆಫ್ ಫೋರ್ಗಾಸ್ ತಂಡ 2009ರಲ್ಲಿ ಸಿಡ್ನಿಯ ಒಂದು ಅಂಗಡಿಯ ಕೌಂಟರ್ ಹತ್ರ ಸಣ್ಣಪುಟ್ಟ ಸಾಮಾನು ಇಟ್ಟು ಆಚೆ ಬಂದೋರನ್ನ ಏನೇನಿತ್ತು ಹೇಳಿ ಅಂತ ಕೇಳಿದ್ರು, ಮಳೆ ಹಿಡಿದ ಮಂಕು ದಿನ ಬಂದೋರು ಬಿಸಿಲಿನ ದಿನ ಬಂದೋರಿಗಿಂತ ಜಾಸ್ತಿ ನೆನಪಿಟ್ಕೊಂಡಿದ್ರು. ಸ್ವಲ್ಪ ಬೇಜಾರು ಮನುಷ್ಯನ್ನ ಎಚ್ಚರ ಇಡುತ್ತೆ. ಹಾಗಾಗಿ ಹೊಸ ದಾರಿ ಹುಡುಕೋ ಕೆಲಸ, ಗಿರಾಕಿ ಜೊತೆ ಮಾತಾಡೋ ಕೆಲಸ, ಗಂಟು ಬಿದ್ದಿರೋದನ್ನ ಬಿಡಿಸೋ ಕೆಲಸಕ್ಕೆ ಹಗುರ ಮನಸ್ಸು ಬೇಕು, ಫೈನಲ್ ಚೆಕಿಂಗಿಗೆ ಕೂತಾಗ ನಗುನಗುತ್ತಾ ಹರಟೆ ಹೊಡೀತಾ ಇದ್ರೆ ಆಗಲ್ಲ. ನಮ್ಮ ಲೈನಲ್ಲೇ ನೋಡಿದೀನಿ, ಬೋನಸ್ ಬಂದ ದಿನ ಮಧ್ಯಾಹ್ನದ ಪ್ಯಾಕಿಂಗಲ್ಲಿ ಲೇಬಲ್ ತಪ್ಪು ಜಾಸ್ತಿ. ಆದ್ರೆ ಇದನ್ನ ಹಿಡ್ಕೊಂಡು ಬೈದ್ರೆ ಎಚ್ಚರ ಇರ್ತಾರೆ ಅಂತ ಯಾರೂ ವಾದ ಮಾಡ್ಬಾರ್ದು. ಮಳೆ ದಿನದ ಮಂಕೇ ಬೇರೆ, ಎಲ್ಲರ ಮುಂದೆ ಮರ್ಯಾದೆ ಕಳ್ಕೊಂಡ ನೋವೇ ಬೇರೆ.

ಇನ್ನೊಂದು ಕಡೆ ಪಾಸಿಟಿವ್ ಆಗಿರಿ ಅಂತ ಭಾಷಣ ಮಾಡೋ ವ್ಯಾಪಾರ ಒಂದು ಬೆಳೆದು ನಿಂತಿದೆ. ಕಾಲೇಜಿಗೆ ಬರ್ತಾರೆ, ಫ್ಯಾಕ್ಟರಿಗೆ ಬರ್ತಾರೆ, ಒಂದು ನೆಗೆಟಿವ್ ಯೋಚ್ನೆಗೆ ಮೂರು ಪಾಸಿಟಿವ್ ಯೋಚ್ನೆ ಇದ್ರೆ ಜೀವನ ಅರಳುತ್ತೆ, ಇದು ವಿಜ್ಞಾನ ಅಂತ ಪಿಪಿಟಿ ಹಾಕ್ತಾರೆ. ಆ ಲೆಕ್ಕ ಬಂದಿದ್ದು 2005ರ ಒಂದು ಪ್ರಬಂಧದಿಂದ, ಇದೇ ಫ್ರೆಡ್ರಿಕ್ಸನ್ ಮತ್ತೆ ಮಾರ್ಷಿಯಲ್ ಲೊಸಾಡ ಬರೆದಿದ್ದು, 2.9013 ಅಂತ ನಾಲ್ಕು ದಶಮಾಂಶದವರೆಗೂ ಅಂಕಿ ಕೊಟ್ಟಿದ್ರು. 2013ರಲ್ಲಿ ನಿಕ್ ಬ್ರೌನ್, ಅಲನ್ ಸೋಕಲ್, ಹ್ಯಾರಿಸ್ ಫ್ರೀಡ್ಮನ್ ಅನ್ನೋರು ಆ ಗಣಿತಕ್ಕೆ ಬುಡವೇ ಇಲ್ಲ ಅಂತ ತೋರಿಸಿದ್ರು, ಆಮೇಲೆ ಆ ಗಣಿತದ ಭಾಗನ ವಾಪಸ್ ತಗೊಂಡ್ರು. ಫ್ರೆಡ್ರಿಕ್ಸನ್ ಅವರ ಮೂಲ ವಿಚಾರ ಇದರಿಂದ ಬಿದ್ದುಹೋಗಲ್ಲ, ಆದ್ರೆ ಖುಷಿನ ತಕ್ಕಡಿಯಲ್ಲಿ ಹಾಕಿ ಮೂರಕ್ಕೊಂದು ಅಂತ ಮಾರೋದು ಈಗಲೂ ನಡೀತಾ ಇದ್ಯಲ್ಲ, ಅದು ನನಗೆ ಬೇಸರ. ಸಂಬಳ ತಡ ಆಗಿರೋ ಹುಡುಗೀಗೆ ಕನ್ನಡಿ ಮುಂದೆ ನಿಂತು ನಾನು ಖುಷಿಯಾಗಿದೀನಿ ಅಂತ ಹೇಳ್ಕೋ ಅನ್ನೋದು ಸಹಾಯ ಅಲ್ಲ, ಅವಳ ಕಷ್ಟನ ಅವಳ ತಪ್ಪು ಮಾಡಿದಂಗೆ. ಮೇಲೆ ಹೇಳಿದ ಒಂದು ಪ್ರಯೋಗದಲ್ಲೂ ಯಾರನ್ನೂ ಖುಷಿಯಾಗಿರು ಅಂತ ಹೇಳಿಲ್ಲ ನೋಡಿ. ಮಿಠಾಯಿ ಕೊಟ್ರು, ನಗಿಸಿದ್ರು, ಕೂಲಿ ಬೇಗ ಕೊಟ್ರು. ಖುಷಿಗೆ ಕಾರಣ ಕೊಟ್ರು.

ಈ ಮಾತು ಈಗ ಯಾಕೆ ಮುಖ್ಯ ಅಂದ್ರೆ ನಮ್ಮಲ್ಲಿ ಪ್ರೊಡಕ್ಟಿವಿಟಿ ಅಂದ ತಕ್ಷಣ ಗಂಟೆ ಲೆಕ್ಕಕ್ಕೆ ಹೋಗಿಬಿಡ್ತೀವಿ. 2023ರ ಅಕ್ಟೋಬರಲ್ಲಿ ಇನ್ಫೋಸಿಸ್ ನಾರಾಯಣಮೂರ್ತಿ ಅವರು ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂದ್ರು, 2025ರ ಜನವರಿಲಿ ಎಲ್ ಅಂಡ್ ಟಿ ಮುಖ್ಯಸ್ಥರ 90 ಗಂಟೆ ಮಾತು ಸುದ್ದಿ ಆಯ್ತು. ನಮ್ಮ ರಾಜ್ಯದಲ್ಲಿ 2023ರಲ್ಲೇ ಫ್ಯಾಕ್ಟರಿ ಕಾಯ್ದೆಗೆ ತಿದ್ದುಪಡಿ ಬಂತು, ವಾರಕ್ಕೆ 48 ಗಂಟೆ ಅನ್ನೋದು ಹಾಗೇ ಇಟ್ಟು ದಿನಕ್ಕೆ 12 ಗಂಟೆವರೆಗೂ ದುಡಿಸಬಹುದು, ಕೆಲಸಗಾರರ ಒಪ್ಪಿಗೆ ಬೇಕು ಅಂತ ಮಾಡಿದ್ರು, ಮೂರು ತಿಂಗಳಿಗೆ ಓಟಿ, ಅಂದ್ರೆ ಓವರ್‌ಟೈಮ್ ಮಿತಿ 75 ಗಂಟೆಯಿಂದ 145 ಗಂಟೆಗೆ ಏರ್ತು. ಒಪ್ಪಿಗೆ ಅನ್ನೋದು ಕಾಗದದ ಮೇಲೆ ಒಂದು, ಓಟಿ ಬೇಡ ಅಂದ್ರೆ ಮುಂದಿನ ತಿಂಗಳು ಏನಾಗುತ್ತೋ ಅನ್ನೋ ಭಯದಲ್ಲಿ ಕೊಡೋ ಸೈನ್ ಇನ್ನೊಂದು. ಇದಕ್ಕೆ ದಾರಿ ಸೇರಿಸಿ. 2001ರ ಫೆಬ್ರವರಿ 28ಕ್ಕೆ ಕೆಜಿಎಫ್ ಚಿನ್ನದ ಗಣಿ ಮುಚ್ಚಿದ್ಮೇಲೆ ಅಲ್ಲಿಯ ಸಾವಿರಾರು ಜನ ಬೆಳಗಿನ ಜಾವದ ಟ್ರೇನ್ ಹಿಡಿದು ಬೆಂಗಳೂರಿಗೆ ಹೋಗಿ ರಾತ್ರಿ ಬರೋದೇ ಜೀವನ ಆಯ್ತು, ಬಂಗಾರಪೇಟೆ ಸ್ಟೇಷನ್ನಲ್ಲಿ ಒಂದು ದಿನ ಬೆಳಿಗ್ಗೆ ನಿಂತು ನೋಡಿದ್ರೆ ಗೊತ್ತಾಗುತ್ತೆ. 8 ಗಂಟೆ ಕೆಲಸ ಅಂದ್ರೆ ಅವರಿಗೆ 13 ಗಂಟೆ. 12 ಗಂಟೆ ಅಂದ್ರೆ? ನಿದ್ದೆ ಎಲ್ಲಿಂದ ಬರ್ಬೇಕು, ನಿದ್ದೆ ಇಲ್ದೆ ಮನಸ್ಸು ಹೆಂಗೆ ಹಗುರ ಆಗ್ಬೇಕು.

ಮನಸ್ಸಿನ ಭಾರ ಒಳಗೇ ತುಂಬ್ತಾ ಹೋದ್ರೆ ಏನಾಗುತ್ತೆ ಅನ್ನೋದನ್ನ ನಮ್ಮ ನರಸಾಪುರ ಕಣ್ಣಾರೆ ನೋಡಿದೆ. 2020ರ ಡಿಸೆಂಬರ್ 12ರ ಬೆಳಿಗ್ಗೆ ಐಫೋನ್ ಜೋಡಿಸ್ತಿದ್ದ ವಿಸ್ಟ್ರಾನ್ ಘಟಕದಲ್ಲಿ ಕೆಲಸಗಾರರು ಸಿಡಿದೆದ್ರು, ಗಾಜು ಮುರೀತು, ಗಾಡಿಗೆ ಬೆಂಕಿ ಬಿತ್ತು. ಒಡೆದಿದ್ದು ಸರಿ ಅಂತ ನಾನು ಹೇಳಲ್ಲ. ಆದ್ರೆ ಆಮೇಲೆ ಆಪಲ್ ಕಂಪನಿನೇ ತನಿಖೆ ಮಾಡಿ ಹೇಳ್ತು, ಅಕ್ಟೋಬರ್, ನವೆಂಬರಲ್ಲಿ ಕೆಲವು ಕೆಲಸಗಾರರ ಸಂಬಳ ತಡ ಆಗಿತ್ತು, ಕೆಲಸದ ಗಂಟೆ ಲೆಕ್ಕ ಇಡೋ ವ್ಯವಸ್ಥೆ ಸರಿ ಇರಲಿಲ್ಲ ಅಂತ, ಆ ಘಟಕನ ಪ್ರೊಬೇಷನ್ನಲ್ಲಿ ಇಟ್ಟು ಹೊಸ ಆರ್ಡರ್ ಕೊಡೋದನ್ನ ನಿಲ್ಲಿಸ್ತು. ಒಡಿಶಾದ ತಟ್ಟೆ ಹೊಲಿಯೋರ ಲೆಕ್ಕನ ತಿರುಗಿಸಿ ಓದಿ, ಇದೇ ಸಿಗುತ್ತೆ.

ನಾನು ಈಗ ಹೊಸದಾಗಿ ಸೇರೋರಿಗೆ ಟ್ರೈನಿಂಗ್ ಕೊಡ್ತೀನಿ. ನನ್ನ ಕೈಲಿ ಸಂಬಳ ಇಲ್ಲ, ಶಿಫ್ಟ್ ಟೈಮಿಂಗೂ ಇಲ್ಲ, ಯಾರನ್ನ ಎಲ್ಲಿ ಕೂರಿಸೋದು ಅನ್ನೋದು ಮಾತ್ರ ಇದೆ. ಸೋಮವಾರ ಹೊಸ ಬ್ಯಾಚ್ ಬಂದಾಗ ಹೆಸರು, ಊರು ಬರ್ಕೊಳ್ಳೋ ಕಡೆ ನಾನೇ ಪೆನ್ನಲ್ಲಿ ಇನ್ನೊಂದು ಗೆರೆ ಎಳ್ಕೊಂಡಿದೀನಿ, ಬೆಳಿಗ್ಗೆ ಎಷ್ಟು ಗಂಟೆಗೆ ಎದ್ದೆ ಅಂತ. ಹೋದ ವಾರ ಶ್ರೀನಿವಾಸಪುರ ಆಚೆಯಿಂದ ಬಂದ ಒಂದು ಹುಡುಗಿ ಪಿಸುಮಾತಲ್ಲಿ "ಮೂರೂಮುಕ್ಕಾಲಿಗೆ ಅಕ್ಕಾ" ಅಂದ್ಲು, ಯಾಕೋ ತಪ್ಪು ಒಪ್ಕೊಂಡ ಹಾಗೆ. ತಿಂಡಿ ಆಯ್ತಾ ಅಂದೆ, ಇಲ್ಲ ಅಂತ ತಲೆ ಆಡಿಸಿದ್ಲು. ಮೊದಲು ಕ್ಯಾಂಟೀನಿಗೆ ಹೋಗಿ ಎರಡು ಇಡ್ಲಿ ತಿಂದು ಬಾ ಅಂತ ಕಳಿಸಿದೆ, ಬಂದ್ಮೇಲೆ ಟೀ ತನಕ ಟೇಪ್ ಸುತ್ತೋ ಕಡೆ ಕೂರಿಸಿದೆ, ಕನೆಕ್ಟರ್ ಆಮೇಲೆ ನೋಡೋಣ ಅಂದೆ.